ದೇವರ ಮುಂದಿಟ್ಟ ಸ್ಪ್ರಿಂಗ್ ರೋಲ್

ಆಗ ಅಮೆರಿಕದ ಬಾಥೆಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯಲ್ಲಿ ಏನು ಕರಿದರೂ ಪರಿಮಳ ಮೆಟ್ಟಿಲಿಳಿದು ಎಲ್ಲರ ಮನೆಗೂ ಬರುತ್ತಿತ್ತು. ನಾವು ಉಡುಪಿಯಿಂದ ಬಂದು ವರ್ಷ ತುಂಬಿರಲಿಲ್ಲ. ನನಗೆ ಒಂಬತ್ತು. ಎದುರುಮನೆಯ ಚೀನೀ ಹುಡುಗಿ ಲಿನ್ ನನ್ನ ಕ್ಲಾಸಿನವಳು. ಅವಳ ಅಜ್ಜಿಯನ್ನು ಅವಳಂತೆ ನಾನೂ ಪೋಪೋ ಎನ್ನುತ್ತಿದ್ದೆ.

ಅವರ ಹೊಸವರ್ಷದ ಬೆಳಿಗ್ಗೆ ಪೋಪೋ ಒಂದು ತಟ್ಟೆ ಸ್ಪ್ರಿಂಗ್ ರೋಲ್ ತಂದು ನನ್ನ ಕೈಗಿತ್ತು ಹೋದರು. ಬಿಸಿಬಿಸಿ, ಹೊಂಬಣ್ಣ.

"ಮೊಟ್ಟೆ, ಮಾಂಸ ಎಂತಾದ್ರೂ ಉಂಟಾ, ಕೇಳಿದ್ಯಾ?" ಒಳಗಿನಿಂದ ಅಮ್ಮ.

ಕೇಳಿರಲಿಲ್ಲ. ಕೇಳಿ, ಉಂಟು ಎಂದರೆ ತಟ್ಟೆ ವಾಪಸ್ ಹೋಗುತ್ತದೆ. "ಕೇಳಿದೆ. ಬರೀ ತರಕಾರಿ ಅಂತೆ," ಎಂದುಬಿಟ್ಟೆ.

"ಹಬ್ಬದ ತಿಂಡಿ ಅಲ್ವಾ? ತಡಿ." ಅಮ್ಮ ತಟ್ಟೆಯನ್ನು ಕೃಷ್ಣನ ಪಟದ ಮುಂದಿಟ್ಟು ಕಣ್ಣು ಮುಚ್ಚಿದಳು.

ಅಮ್ಮನಿಗೆ ಹೇಳಿದ ಸುಳ್ಳು ಈಗ ದೇವರ ಮುಂದೆ ಕೂತಿತ್ತು. ಅಮ್ಮ ಎರಡು ತಿಂದಳು. ನನಗೆ ಒಂದೂ ಇಳಿಯಲಿಲ್ಲ.

"ಎಂತ ಆಯ್ತು ಮಾರಾಯ್ತಿ? ಇಷ್ಟೊತ್ತು ಕುಣೀತಿದ್ದಿ!"

ಬಂದ ತಟ್ಟೆಯನ್ನು ಖಾಲಿ ಕಳಿಸಬಾರದೆಂದು ಸಂಜೆ ಅಮ್ಮ ಅದರ ತುಂಬ ನಮ್ಮೂರಿನ ಗೋಳಿಬಜೆ ಕರಿದು ಹಾಕಿ ಕೊಟ್ಟಳು. ಅದನ್ನು ಪೋಪೋ ಕೈಗಿಟ್ಟವಳೇ, ರೋಲಿನೊಳಗೆ ಏನಿತ್ತೆಂದು ಲಿನ್ ಮೂಲಕ ಕೇಳಿಸಿದೆ. ಪೋಪೋ ನನ್ನನ್ನು ಅಡುಗೆಮನೆಗೆ ಕರೆದೊಯ್ದು ತೋರಿಸಿದರು: ಹೆಚ್ಚಿದ ಎಲೆಕೋಸು, ಕ್ಯಾರೆಟ್, ಅಣಬೆ. ಅಂಚು ಅಂಟಿಸಲು ನೀರಿನಲ್ಲಿ ಕಲಸಿದ ಮೈದಾ.

"ವರ್ಷದ ಮೊದಲ ದಿನ ಪೋಪೋ ಮಾಂಸ, ಮೊಟ್ಟೆ ಮುಟ್ಟೋದಿಲ್ಲ," ಎಂದಳು ಲಿನ್. "ಬೇರೆ ದಿನ ಹಂದಿ ಮಾಂಸ ಹಾಕ್ತಾರೆ. ಅದು ಇನ್ನೂ ಚೆನ್ನಾಗಿರುತ್ತೆ!"

ಹಿಂದೆ ಅವರ ದೇಶದಲ್ಲಿ ವಸಂತ ಬಂದಾಗ ಹೊಸ ತರಕಾರಿಯನ್ನು ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರಂತೆ. ಹೆಸರು ಬಂದದ್ದು ಅದರಿಂದ. ಎಣ್ಣೆಯಲ್ಲಿ ಕರಿಯುವುದು ಆಮೇಲೆ ಶುರುವಾಯಿತಂತೆ.

ಓಡಿಬಂದು ಅಮ್ಮನಿಗೆ ಎಲ್ಲ ಹೇಳಿ ಅತ್ತೆ.

"ಪೋಪೋ ನಿನ್ನನ್ನು ಉಳಿಸಿದ್ರು. ಹೋಗು, ದೇವರಿಗೆ ಅಡ್ಡಬೀಳು," ಎಂದಳು. ಎದ್ದು ಬಂದಾಗ, ನನಗೆಂದೇ ತೆಗೆದಿಟ್ಟಿದ್ದ ಒಂದು ರೋಲನ್ನು ಬಾಯಿಗಿಟ್ಟಳು. ಆರಿ ಮೆತ್ತಗಾಗಿತ್ತು. ಅಂಥ ರುಚಿ ಮತ್ತೆ ಸಿಕ್ಕಿಲ್ಲ.

ಈಗ ಅಲ್ಲೇ ಹತ್ತಿರದ ಸಮಾಮಿಶ್‌ನಲ್ಲಿ ನನ್ನದೇ ಸಂಸಾರ. ದೇವರು ಏನೂ ಕಡಿಮೆ ಮಾಡಿಲ್ಲ. ಬೆಚ್ಚಗಿನ ಮನೆ, ಹೊತ್ತಿಗೆ ಸರಿಯಾಗಿ ಮನೆ ಸೇರುವ ಗಂಡ. ಫ್ರೀಜರಿನಲ್ಲಿ ಸ್ಪ್ರಿಂಗ್ ರೋಲಿನ ಪ್ಯಾಕೆಟ್ಟೂ ಇದೆ. ಒಳಗೇನಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಮೇಲೇ ಬರೆದಿರುತ್ತದೆ.

ಪೋಪೋ ಕಳಿಸಿದ ಕೊನೆಯ ತಟ್ಟೆ ನನ್ನಲ್ಲೇ ಉಳಿಯಿತು. ಏನಾದರೂ ಮಾಡಿ ತುಂಬಿ ಕೊಡೋಣವೆಂದು ಅಮ್ಮ ಕಾಯುವಷ್ಟರಲ್ಲಿ ಲಿನ್ ಮನೆಯವರೆಲ್ಲ ಊರು ಬಿಟ್ಟಿದ್ದರು. ಹಬ್ಬದ ದಿನ ಅದರಲ್ಲೇ ದೇವರ ಮುಂದೆ ಗೋಳಿಬಜೆ ಇಡುತ್ತೇನೆ. ಆಮೇಲೆ ಅದನ್ನು ಹಿಡಿದು ಹೋಗಲು ಎದುರುಮನೆಯೊಂದಿಲ್ಲ.