ದೋಣಿಗೊಂದು ಸೊಳ್ಳೆ ಪರದೆ

ನನ್ನ ಭಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ 'ಜೋಪಾನ' ಎಂದೇ ಕರೆಯುತ್ತಿದ್ದರು. ಅವರದು ಸುರಕ್ಷತಾ ವಿಭಾಗದಲ್ಲಿ ಕೆಲಸ. ಯಾರು ಏಣಿ ಹತ್ತಿದರೂ ಕೆಳಗೆ ನಿಂತು "ಜೋಪಾನ, ಜೋಪಾನ" ಎನ್ನುವುದು, ಖಾಲಿ ಗೋಡೆ ಕಂಡಲ್ಲೆಲ್ಲ ಎಚ್ಚರಿಕೆಯ ಫಲಕ ಜಡಿಯುವುದು, ಇದೇ ಅವರ ಉದ್ಯೋಗ. ನಿವೃತ್ತಿಯಾದ ದಿನ ಮಿಕ್ಕ ಫಲಕಗಳನ್ನೆಲ್ಲ ಮನೆಗೆ ಹೊತ್ತು ತಂದರು. ಅಕ್ಕನ ಅಡುಗೆಮನೆಯ ಬಾಗಿಲ ಮೇಲೆ 'ಒಳಗೆ ಬಿಸಿ ವಸ್ತುಗಳಿವೆ' ಎಂಬ ಫಲಕ ಇವತ್ತಿಗೂ ಇದೆ. ಆಯಸ್ಸೆಲ್ಲ ಅಲ್ಲೇ ಬೇಯಿಸಿದವಳಿಗೆ ಅದು ಹೊಸ ಸುದ್ದಿ ನೋಡಿ!

ಇಂಥ ಮನುಷ್ಯ ದೋಣಿ ಕೊಂಡರು ಎಂದರೆ ಬೀದಿಯವರು ನಂಬಲಿಲ್ಲ. ಕೊಳ್ಳಲು ಕಾರಣ ಅಕ್ಕ. ಅವಳ ಕಣ್ಣು ಅಂಚಿನಿಂದ ಮಂಜಾಗುತ್ತಾ ಬಂದಿತ್ತು. ಇದು ನಿಲ್ಲುವ ಕಾಯಿಲೆಯಲ್ಲ, ಹೋದ ದೃಷ್ಟಿ ಮತ್ತೆ ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆಸ್ಪತ್ರೆಯಿಂದ ನಾವು ಮೂವರೂ ಮನೆಗೆ ಬಂದೆವು. ಮನೆಯ ಮುಂದೆ ರಸ್ತೆ, ರಸ್ತೆ ದಾಟಿದರೆ ಸರೋವರ. ಅಕ್ಕ ಮೆಟ್ಟಿಲ ಹತ್ತಿರ ನಿಂತು ಆ ಕಡೆ ತಿರುಗಿದಳು.

"ರೀ, ಮದುವೆಯಾಗಿ ಬಂದಾಗಿನಿಂದ ಕಿಟಕೀಲಿ ನಿಂತು ಈ ನೀರು ನೋಡ್ತಿದ್ದೀನಿ. ನೀರಿನ ಮೇಲಿಂದ ನಮ್ಮನೆ ಹೇಗೆ ಕಾಣುತ್ತೆ ಅಂತ ಒಂದ್ಸಲ ನೋಡ್ಬೇಕು. ಕಣ್ಣಿರೋವಾಗ್ಲೇ."

ವಾರ ಕಳೆಯುವುದರೊಳಗೆ ಭಾವ ಒಂದು ಹಳೆಯ ಪುಟ್ಟ ಹಾಯಿದೋಣಿ ತಂದು ದಡಕ್ಕೆ ಕಟ್ಟಿದರು. ಅವತ್ತು ಅವರ ಮೇಲೆ ನನಗೆ ಉಕ್ಕಿ ಬಂದ ಪ್ರೀತಿ ಸುಳ್ಳಲ್ಲ. ಆ ದಿನವೇ ಹೊರಟಿದ್ದರೆ ಅದು ಹಾಗೇ ಉಳಿಯುತ್ತಿತ್ತು.

ಅಕ್ಕ ಹೋಗಿ ದೋಣಿಯಲ್ಲಿ ಕೂತಳು. ಕೂತವಳು ಸುಮ್ಮನಿರಬಾರದೇ? ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದಳು. ಸಾಲದ್ದಕ್ಕೆ ತೋಳಿನ ಮೇಲಿದ್ದ ಸೊಳ್ಳೆಯನ್ನು ಪಟ್ಟೆಂದು ಹೊಡೆದಳು. ಭಾವನ ಮುಖಕ್ಕೆ ಕಾರ್ಖಾನೆಯ ಕಳೆ ಬಂದೇಬಿಟ್ಟಿತು.

"ಇಳಿ, ಇಳಿ. ನೆರಳಿಲ್ಲ, ಪರದೆ ಇಲ್ಲ. ಹೀಗೆಲ್ಲ ಹೋಗೋಕಾಗಲ್ಲ."

"ಒಂದು ಕೊಡೆ ಹಿಡ್ಕೊಂಡ್ರೆ ಆಯ್ತಲ್ಲ ಭಾವ," ಎಂದೆ.

"ಗಾಳಿಗೆ ಕೊಡೆ ತಿರುಗಿ ಅವಳ ಕಣ್ಣಿಗೇ ಚುಚ್ಚಿದ್ರೆ? ನೀನು ಔಷಧಿ ಅಂಗಡೀಲಿ ಮಾತ್ರೆ ಮಾರೋಳು. ಅಪಾಯ ಅಂದ್ರೆ ಏನು ಅಂತ ನಿನಗೇನು ಗೊತ್ತು?"

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರ ವಿಷಯ ಕೇಳಿದ್ದೆ. ನೆಗಡಿ ಆದೀತೆಂದು ಕೊಯ್ದುಕೊಳ್ಳುವವರನ್ನು ಕಂಡದ್ದು ಆಗಲೇ.

ದೋಣಿ ಅಂಗಳಕ್ಕೆ ಬಂತು. ಅಲ್ಯೂಮಿನಿಯಂ ಪೈಪುಗಳನ್ನು ಕಮಾನಿನಂತೆ ಬಗ್ಗಿಸಿ, ಕೂರುವ ಜಾಗದ ಮೇಲೆ ನಿಲ್ಲಿಸಿ, ಟಾರ್ಪಾಲು ಹೊದಿಸಿದ್ದಾಯಿತು. ಕೆಳಗೆ ಕೂತರೆ ಒಲೆಯ ಮೇಲೆ ಕೂತಂತೆ ಕಾವು. ಅದನ್ನು ಕಿತ್ತು ಬಿಳಿ ಕ್ಯಾನ್ವಾಸು ತಂದರು. ಒಂದು ಪದರಕ್ಕೆ ಸೆಕೆ ಎಂದು ಎರಡು ಪದರ ಮಾಡಿದರು. ಆಮೇಲೆ ಪರದೆ. ಮೊದಲು ತಂದ ಬಟ್ಟೆ ಸೊಳ್ಳೆಯನ್ನು ತಡೆಯುತ್ತಿತ್ತು, ಗುಂಗುರನ್ನು ತಡೆಯುತ್ತಿರಲಿಲ್ಲ. ಗುಂಗುರನ್ನು ತಡೆಯುವ ಬಟ್ಟೆ ಸಿಕ್ಕಿದಾಗ, ಗುಂಗುರಿನ ಮರಿ ಬಂದರೆ ಏನು ಗತಿ ಎಂದು ಭೂತಗನ್ನಡಿ ಹಿಡಿದು ಇನ್ನೂ ಸಣ್ಣ ಕಣ್ಣಿನ ಬಟ್ಟೆ ಹುಡುಕಿಕೊಂಡು ಹೋದರು. ಎಲ್ಲ ಹೊಲಿಗೆಯೂ ಅಕ್ಕನ ಮೆಷಿನ್ನಿನಲ್ಲೇ. ನೆರಳು ಹೊಲಿಯಲು ಶುರು ಮಾಡಿದಾಗ ಸೂಜಿಗೆ ದಾರ ಪೋಣಿಸಿಕೊಟ್ಟವಳು ಅಕ್ಕ. ಪರದೆ ಮುಗಿಯುವಷ್ಟರಲ್ಲಿ ಆ ಕೆಲಸ ನನಗೆ ಬಂದಿತ್ತು. ಭಾವ ಇದನ್ನು ಗಮನಿಸಿದರೋ ಇಲ್ಲವೋ, ಅವರು ಜಿಪ್ಪು ಸರಿಯಾಗಿ ಕೂತಿತೇ ಎಂದು ನೋಡುತ್ತಿದ್ದರು.

"ಮುಂದಿನ ಭಾನುವಾರ ಖಂಡಿತ ಹೋಗೋಣ ಕಣೇ," ಎನ್ನುವರು. "ಹೂಂ, ನಿಧಾನಕ್ಕೆ ಮಾಡಿ," ಎನ್ನುವಳು ಆ ಮಹಾತಾಯಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೂ ದೋಣಿ ನೀರಿಗಿಳಿಯಿತು. ಭಾವ ಹಾಯಿ ಏರಿಸಿದರು. ಢಣ್! ಹಾಯಿಯ ಅಡಿಯಂಚಿಗೆ ಒಂದು ಉದ್ದನೆಯ ಅಡ್ಡಗೋಲು ಇರುತ್ತದೆ. ಗಾಳಿ ತಿರುಗಿದಂತೆಲ್ಲ ಅದು ಕೂತವರ ತಲೆಯ ಮೇಲಿಂದ ಆ ಕಡೆ ಈ ಕಡೆ ಓಡಾಡಬೇಕು. ಅಂಗಳದಲ್ಲಿ ಕೆಲಸಕ್ಕೆ ಅಡ್ಡಿ ಎಂದು ಭಾವ ಅದನ್ನು ಮೇಲೆತ್ತಿ ಕಟ್ಟಿ, ಅದು ಓಡಾಡಬೇಕಾದ ಜಾಗಕ್ಕೇ ಅಳತೆ ತೆಗೆದು ಕಮಾನು ನಿಲ್ಲಿಸಿದ್ದರು. ಈಗ ಹಾಯಿ ಇದ್ದರೆ ನೆರಳಿಲ್ಲ, ನೆರಳಿದ್ದರೆ ಹಾಯಿ ಇಲ್ಲ. ಭಾವ ಸ್ವಲ್ಪವೂ ವಿಚಲಿತರಾಗದೆ ಹಾಯಿ ಬಿಚ್ಚಿ ಅಟ್ಟಕ್ಕೆ ಹಾಕಿದರು.

ಹಾಯಿ ಹೋದ ಮೇಲೆ ಕೈಯಿಂದ ಹುಟ್ಟು ಹಾಕಬೇಕಲ್ಲ? ಹುಟ್ಟುಗಳನ್ನು ಹೊರಗೆ ಚಾಚಲು ಪರದೆ ಬಿಡುತ್ತಿರಲಿಲ್ಲ. ಅದಕ್ಕೇನಂತೆ, ಪರದೆಗೆ ಅಂಗಿಯ ಹಾಗೆ ಎರಡು ತೋಳು ಹೊಲಿದರು, ತುದಿಗೆ ಎಲಾಸ್ಟಿಕ್ಕು ಬೇರೆ. ದಡದಲ್ಲಿ ನಿಂತವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಭಾವ ಅದನ್ನು ಮೆಚ್ಚುಗೆ ಎಂದುಕೊಂಡರು.

ಹೀಗೆ ಒಂದು ಬೆಳಿಗ್ಗೆ ನಾವು ಮೂವರೂ ಹೊರಟೆವು. ಅಕ್ಕ ಎತ್ತಿಟ್ಟಿದ್ದ ಹೊಸ ಬಟ್ಟೆ ಉಟ್ಟಿದ್ದಳು. "ಬೇಗ ಬೇಗ, ಜಿಪ್ ಮುಚ್ಚಿ!" ಎಂದು ನಮ್ಮನ್ನು ಒಳಗೆ ತುಂಬಿದ ಭಾವ, ಬೆವರು ಸುರಿಸುತ್ತಾ ನಡುನೀರಿನವರೆಗೆ ಹುಟ್ಟು ಹಾಕಿ, ದೋಣಿ ನಿಲ್ಲಿಸಿ, ಹೆಮ್ಮೆಯಿಂದ ಹೇಳಿದರು: "ನೋಡೇ, ನಮ್ಮನೆ!"

ನೋಡಿದೆ. ಪರದೆಯ ನೇಯ್ಗೆ ಎಷ್ಟು ದಟ್ಟವಾಗಿತ್ತೆಂದರೆ, ಕಣ್ಣು ಚೆನ್ನಾಗಿರುವ ನನಗೇ ದಡ ಹಾಲಿನಲ್ಲಿ ಅದ್ದಿದಂತೆ ಕಂಡಿತು. ಅಕ್ಕನ ಕಡೆ ತಿರುಗಿದೆ. ಅವಳು ಮನೆಗೆ ಬೆನ್ನು ಹಾಕಿ, ಏನೂ ಇಲ್ಲದ ಆಚೆ ದಡದತ್ತ ಮುಖ ಮಾಡಿ ಕೂತಿದ್ದಳು.

"ಚೆನ್ನಾಗಿದೆ ರೀ," ಎಂದಳು. "ಎಷ್ಟು ಚೆನ್ನಾಗಿ ಕಾಣುತ್ತೆ."

ಭಾವ ನೋಡಲಿಲ್ಲ. ಒಳಗೆ ಸೇರಿಕೊಂಡಿದ್ದ ಒಂದೇ ಒಂದು ಸೊಳ್ಳೆಯನ್ನು ಚಪ್ಪಾಳೆ ಹೊಡೆದು ಹಿಡಿಯುವುದರಲ್ಲಿದ್ದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ರೇಗಿತು. ಪರದೆ ಎಲ್ಲಾದರೂ ಹರಿದರೆ ಇರಲಿ ಎಂದು ಭಾವ ತಂದಿದ್ದ ಹೊಲಿಗೆಯ ಡಬ್ಬಿ ಪಕ್ಕದಲ್ಲೇ ಇತ್ತು. ಕತ್ತರಿ ತೆಗೆದು ಪರದೆಯನ್ನು ಮೇಲಿಂದ ಕೆಳಗಿನವರೆಗೂ ಪರ್‍ರನೆ ಸೀಳಿದೆ.

"ಏಯ್, ಏಯ್! ತಲೆ ಕೆಟ್ಟಿದೆಯಾ ನಿನಗೆ?" ಭಾವ ಕಿರುಚಿದರು.

ಅಕ್ಕನ ಭುಜ ಹಿಡಿದು ತಿರುಗಿಸಿ, ಅವಳ ತಲೆಯನ್ನು ಆ ಸೀಳಿನಿಂದ ಹೊರಗೆ ಹಾಕಿಸಿದೆ. ಬಿಸಿಲು ಅವಳ ಮುಖದ ಮೇಲೆ ಬಿತ್ತು. ಕಣ್ಣು ಕಿರಿದು ಮಾಡಿ ದಡವನ್ನೆಲ್ಲ ತಡಕಾಡಿದಳು.

"ಆ ನೀಲಿ ಬಾಗಿಲಿನ ಮನೇನಾ?"

"ಅದೇ ಅಕ್ಕ."

"ಅಯ್ಯೋ, ಇಷ್ಟೇನಾ! ಬೆಂಕಿಪೊಟ್ಟಣದಷ್ಟಿದೆಯಲ್ಲೇ! ಇದನ್ನ ಗುಡಿಸಿ ಒರೆಸೋದ್ರಲ್ಲೇ ನನ್ನ ಕಣ್ಣೆಲ್ಲ ಸವೆದುಹೋಯ್ತಾ?"

ಅವಳು ನಕ್ಕಳು. ಎಷ್ಟೋ ದಿನದಿಂದ ನಾನು ಕೇಳಿರದ ನಗು. ಭಾವ ಆಗಲೇ ಸೂಜಿ ಹಿಡಿದು ಅವಳ ಸೆರಗು ಜಗ್ಗುತ್ತಿದ್ದರು.

"ತಲೆ ಒಳಗೆ ತಗೊಳ್ಳೇ, ಎರಡು ಹೊಲಿಗೆ ಹಾಕ್ಬಿಡ್ತೀನಿ. ಸೊಳ್ಳೆ ಬರುತ್ತೆ."

ಅಕ್ಕ ತಲೆ ಒಳಗೆ ತೆಗೆದುಕೊಳ್ಳಲಿಲ್ಲ.

"ಬರ್ಲಿ ಬಿಡ್ರಿ. ಮನೆ ನೋಡಿದ್ದಾಯ್ತು. ಈಗ ಆಚೆ ದಡಕ್ಕೆ ನಡೀರಿ, ಇನ್ನೂ ಸ್ವಲ್ಪ ಕಣ್ಣಿದೆ."