ರೊಟ್ಟಿ ಬಾರದ ಸೊಸೆಯ ಜಾವಾ ಪರೀಕ್ಷೆ

ಮದುವೆಯಾಗಿ ಗಂಗಾವತಿಯಿಂದ ಯಲಬುರ್ಗಾಕ್ಕೆ ಹೊರಡುವ ಮುನ್ನ ನಮ್ಮವ್ವ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಒಂದು ಬುದ್ಧಿ ಹೇಳಿದಳು. "ಅಲ್ಲಿ ಹೋಗಿ ಅದು ಬರ್ತೈತಿ, ಇದು ಬರ್ತೈತಿ ಅಂತ ಹೇಳ್ಕೋಬ್ಯಾಡ. ಬಾಯಿ ಬಿಟ್ರ ಬಣ್ಣಗೇಡು. ಒಮ್ಮೆ ಮಾಡಿ ತೋರಿಸಿದಿ ಅಂದ್ರ ಆ ಕೆಲಸ ಸಾಯೋತನಕ ನಿಂದ." ಅವ್ವ ಸುಮ್ಮನೆ ಹೇಳಿದ್ದಲ್ಲ. ಹೊಸ ಸೊಸೆಯ ಹುಮ್ಮಸ್ಸಿನಲ್ಲಿ ಒಮ್ಮೆ ಶಾವಿಗೆ ಹೊಸೆದು ತೋರಿಸಿದ್ದಕ್ಕೆ ಓಣಿಯ ಶಾವಿಗೆಯೆಲ್ಲ ಅವಳ ಕೈಗೇ ಬಂದು ಬಿದ್ದಿತ್ತು.

ನಾನು ತಲೆಯಾಡಿಸಿದೆ. ಬರುವುದನ್ನು ಮುಚ್ಚಿಡುವ ಇಂಥದೇ ಮಾತನ್ನು ಅದೇ ವರ್ಷ ಕೊಪ್ಪಳದ ಕಂಪ್ಯೂಟರ್ ಕೇಂದ್ರದಲ್ಲೂ ಬೇರೆ ರೀತಿಯಲ್ಲಿ ಕೇಳಿದ್ದೆ. ಇಸವಿ ಎರಡು ಸಾವಿರದ ಆಸುಪಾಸು. ಅಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ನಮ್ಮ ಸರ್ ಒಂದು ಟೂಲ್ ತೆರೆದು, ತಾವು ಪ್ರೋಗ್ರಾಮಿನಲ್ಲಿ ಬರೆದ ಒಂದು ಬಟನ್ನನ್ನು ಅದರೊಳಗೆ ಇಟ್ಟರು. ತಕ್ಷಣ ಪಕ್ಕದ ಕಿಟಕಿಯಲ್ಲಿ ಆ ಬಟನ್ನಿನ ಬಣ್ಣ, ಅಳತೆ, ಮೇಲಿನ ಬರಹ ಎಲ್ಲ ಸಾಲಾಗಿ ಮೂಡಿದವು. "ನೋಡ್ರಿ, ಈ ಟೂಲ್ ನಾ ಬರೆದಿದ್ದನ್ನ ಓದಿಲ್ಲ. ಬಟನ್ನನ್ನ ಎತ್ಕೊಂಡು ಅದನ್ನ ಕೇಳೈತಿ: ನಿನಗ ಏನೇನ್ ಬರ್ತೈತಿ? ಬಣ್ಣ ಹೇಳಾಕ ಒಂದು 'ಗೆಟ್', ಬಣ್ಣ ಬದಲ್ಸಾಕ ಒಂದು 'ಸೆಟ್', ಹಿಂಗ ಜೋಡಿ ಕಂಡ್ರ, ಹಾಂ, ಇದಕ್ಕ ಬಣ್ಣ ಅನ್ನೋ ಗುಣ ಐತಿ ಅಂತ ತಿಳ್ಕೊಂಡು ಪಟ್ಟಿಗೆ ಹಾಕ್ತೈತಿ. ಇದಕ್ಕ ರಿಫ್ಲೆಕ್ಷನ್ ಅಂತಾರ."

ಪಬ್ಲಿಕ್ ಎಂದು ಬರೆದದ್ದು ಪಟ್ಟಿಗೆ ಬರುತ್ತದೆ, ಪ್ರೈವೇಟ್ ಎಂದು ಬರೆದದ್ದು ಬರುವುದಿಲ್ಲ. ನಾನು ಎದ್ದು ನಿಂತು ಕೇಳಿದೆ, ಪ್ರೈವೇಟ್ ಮಾಡಿದ್ದು ಅದಕ್ಕೆ ಕಾಣುವುದೇ ಇಲ್ಲವೇ ಎಂದು. ಸರ್ ನಕ್ಕರು. "ಕಾಣ್ತೈತ್ರಿ. ಬೀಗ ತೆಗಿಯೋ ದಾರಿನೂ ಐತಿ. ಆದ್ರ ಕಂಡಿದ್ದನ್ನೆಲ್ಲ ಪಟ್ಟಿಗೆ ಹಾಕಬಾರ್ದು. ಅದು ಮರ್ಯಾದಿ."

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯೊಂದು ಉಳಿದಿರುವಾಗಲೇ ಮದುವೆ ಮುಗಿಯಿತು. ಪಾಸಾದರೆ ಬೆಳಗಿನ ಬ್ಯಾಚಿಗೆ ನನ್ನನ್ನೇ ಟೀಚರ್ ಮಾಡುವುದಾಗಿ ಸರ್ ಮಾತು ಕೊಟ್ಟಿದ್ದರು. ಆ ಕೆಲಸ ನನಗೆ ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು, ಅದರಲ್ಲಿ ಮುಚ್ಚುಮರೆ ಏನು!

ಯಲಬುರ್ಗಾದ ಮನೆ ದೊಡ್ಡದು. ಅತ್ತೆ, ಮಾವ, ಭಾವ, ಅವರ ಹೆಂಡತಿ ಅಂದರೆ ನನ್ನ ಹಿರಿಯ ನೆಗೆಣ್ಣಿ, ಅವರ ಮಕ್ಕಳು, ಮೇಲೆ ಹೊಲದ ಆಳುಗಳು. ದಿನ ಬೆಳಗಾದರೆ ಒಲೆಯ ಮುಂದೆ ಕೂತು ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿಯಬೇಕು. ನನಗೆ ರೊಟ್ಟಿ ಚೆನ್ನಾಗಿಯೇ ಬರುತ್ತಿತ್ತು. ಕುಷ್ಟಗಿಯ ನಮ್ಮಜ್ಜಿ ಬೇಸಿಗೆ ರಜೆಯಲ್ಲಿ ಕೈ ಹಿಡಿದು ಕಲಿಸಿದ್ದಳು. ಆದರೆ ಅವ್ವನ ಮಾತು ನೆನಪಿತ್ತಲ್ಲ, ಬಾಯಿ ಬಿಡಲಿಲ್ಲ. ಹಿಟ್ಟಿಗೆ ಕುದಿಯುವ ಎಸರು ಹಾಕಿಕೊಟ್ಟು, ನೀರು ತುಂಬಿಟ್ಟು ಸರಿದುಬಿಡುತ್ತಿದ್ದೆ. ಅತ್ತೆಯೂ ಎಲ್ಲರಿಗೆ ಕೇಳುವ ಹಾಗೆ ದಿನಾ ಅದನ್ನೇ ಅನ್ನುತ್ತಿದ್ದರು. "ನೆಲ್ಲಿನ ಸೀಮಿಯಾಕಿ, ಅನ್ನ ಉಂಡು ಬೆಳದಾಕಿ. ಇಕಿಗೆ ರೊಟ್ಟಿ ಎಲ್ಲಿ ಬರಬೇಕು? ಏಳವ್ವಾ, ಈ ಹೊಗ್ಯಾಗ ಕುಂದರಬ್ಯಾಡ, ಒಳಗ ಹೋಗು."

ಆ ಮಾತು ಚುಚ್ಚುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಒಳಗೆ ಹೋಗಿ ಪುಸ್ತಕ ತೆರೆಯುತ್ತಿದ್ದೆ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಪರೀಕ್ಷೆಯ ಪ್ರೋಗ್ರಾಮನ್ನು ಕಾಗದದ ಮೇಲೇ ಬರೆದು ತಲೆಯಲ್ಲೇ ಓಡಿಸುತ್ತಿದ್ದೆ. ಆ ಪ್ರೋಗ್ರಾಮಿನಲ್ಲಿ ಒಂದು ದೀಪ ಬರೆಯಬೇಕಿತ್ತು. ಟೂಲ್ ಅದನ್ನು ಎತ್ತಿಕೊಂಡರೆ ಅದರ ಹೊಳಪು ಎಂಬ ಗುಣ ತಾನಾಗಿ ಪಟ್ಟಿಯಲ್ಲಿ ಕಾಣಬೇಕು.

ಪರೀಕ್ಷೆಯ ದಿನ ಗೊತ್ತಾಯಿತು. ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ "ಅಪ್ಪಾರನ್ನ ಕೇಳು" ಎಂದು ಕೈತೊಳೆದುಕೊಂಡರು. ಪರೀಕ್ಷೆಯ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಮಾವ ತಟ್ಟೆಯಿಂದ ಮುಖ ಎತ್ತಲಿಲ್ಲ. "ಒಂದು ರೊಟ್ಟಿ ಬಡಿಯಾಕ ಬರಂಗಿಲ್ಲ, ಕೊಪ್ಪಳಕ್ಕ ಹೋಗಿ ಕಂಪ್ಯೂಟರ್ ಬಡಿತಾಳಂತ! ಮೊದಲ ಮನಿ ಕೆಲಸ ಕಲೀಲಿ. ಆಮ್ಯಾಲೆ ನೋಡೂನು." ನೆಗೆಣ್ಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅತ್ತ ದರಿ ಇತ್ತ ಪುಲಿ. ರೊಟ್ಟಿ ಬಾರದೆಂದರೆ ಪರೀಕ್ಷೆಗೆ ಬಿಡುವುದಿಲ್ಲ. ಬರುತ್ತದೆಂದರೆ ಒಲೆ ಬಿಡುವುದಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಏಳುವಾಗ ಸಿಟ್ಟು ನೆತ್ತಿಗೇರಿತ್ತು. ನೇರ ಒಲೆಯ ಮುಂದೆ ಹೋಗಿ ಕೂತೆ.

"ಏಳವ್ವಾ, ನಿನಗ ಬರಂಗಿಲ್ಲ," ಎಂದರು ಅತ್ತೆ. ದನಿ ಎಂದಿನಂತಿರಲಿಲ್ಲ, ಗಡಿಬಿಡಿಯಿತ್ತು. ಕೈಯನ್ನೂ ಹಿಡಿದರು. ನಾನು ಬಿಡಿಸಿಕೊಂಡೆ. ಬಡಿಯತೊಡಗಿದೆ ನೋಡಿ, ಮಾವ ಪಡಸಾಲೆಯಿಂದ ಎದ್ದು ಬಂದರು, ಭಾವ ಬಂದರು, ಮಕ್ಕಳು ಬಾಗಿಲಿಗೆ ಮುತ್ತಿಕೊಂಡರು. ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು. ಮಾವ ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟು, "ಅಬ್ಬಾ! ಭಾಳ ಛಲೋ ಆಗೈತಿ. ಹೋಗಿ ಬಾ ನಿನ್ನ ಪರೀಕ್ಷಾಕ್ಕ," ಎಂದರು. ಗೆದ್ದೆ ಅಂದುಕೊಂಡೆ. ಅತ್ತೆ ಮಾತ್ರ ರೊಟ್ಟಿ ಮುಟ್ಟದೆ ಒಲೆಯ ಕಟ್ಟಿಗೆ ಸರಿಸುತ್ತಿದ್ದರು.

ಅದೇ ದಿನ ಕೊಪ್ಪಳದಲ್ಲಿ ನನ್ನ ದೀಪವನ್ನು ಟೂಲಿಗೆ ಇಟ್ಟರೆ ನಾನು ಬರೆದ ಗುಣ ಪಟ್ಟಿಯಲ್ಲಿ ಇರಲೇ ಇಲ್ಲ. ಸರ್ ಬಗ್ಗಿ ನೋಡಿ, "ಏನ್ರೀ, ನಿಮ್ಮ ದೀಪಕ್ಕ ಏನೂ ಬರಂಗಿಲ್ಲಂತಲ್ಲ?" ಎಂದರು. ಆಗ ಕಂಡಿತು. ಹೊಳಪಿನ ಗೆಟ್, ಸೆಟ್ ಎರಡಕ್ಕೂ ಪ್ರೈವೇಟ್ ಎಂದು ಬರೆದು ಕೂತಿದ್ದೆ, ಹುಚ್ಚಿ! ಮುಚ್ಚಿಡುವುದು ಕೈಗೇ ರೂಢಿಯಾಗಿಹೋಗಿತ್ತು. ಅಳಿಸಿ ಪಬ್ಲಿಕ್ ಮಾಡಿದೆ. ಹೊಳಪು ಪಟ್ಟಿಯಲ್ಲಿ ಮೂಡಿತು. ಪಾಸಾದೆ. "ಬರೋ ತಿಂಗಳಿಂದ ಬೆಳಗಿನ ಬ್ಯಾಚ್ ನಿಮ್ದರಿ, ಮೊದಲನೇ ಬಸ್ಸಿಗೆ ಬಂದುಬಿಡ್ರಿ," ಎಂದರು ಸರ್.

ಸಂಜೆ ಮನೆಗೆ ಬಂದಾಗ ಅತ್ತೆ ಹಿತ್ತಿಲಲ್ಲಿ ಒಬ್ಬರೇ ಜೋಳ ಹಸನು ಮಾಡುತ್ತಿದ್ದರು. ಕೆಲಸ ಸಿಕ್ಕಿತು ಅಂದೆ. ಅವರು ಮೊರ ಕೆಳಗಿಟ್ಟರು.

"ನಿನಗ ರೊಟ್ಟಿ ಬರ್ತೈತಿ ಅಂತ ನೀ ಬಂದ ವಾರದಾಗ ನನಗ ಗೊತ್ತಾಗಿತ್ತು. ಹಿಟ್ಟಿಗೆ ಎಸರು ಹಾಕಿದ್ದು ನೋಡಿದ್ದೆ. ಬರಲಾರದಾಕಿ ಹಂಗ ಹಾಕಂಗಿಲ್ಲ."

"ಮತ್ತ ದಿನಾ ಬರಂಗಿಲ್ಲ, ಬರಂಗಿಲ್ಲ ಅಂತಿದ್ರಲ್ಲ, ಅತ್ತಿ?"

"ನೀ ಓದ್ಲಿ ಅಂತ ಅಂತಿದ್ದೆ ಯವ್ವಾ. ನಾ ಹಂಗ ಅಂದಿದ್ದಕ್ಕ ಯಾರೂ ನಿನ್ನ ಒಲಿಗೆ ಕರೀಲಿಲ್ಲ. ಇವತ್ತ ಮುಂಜಾನೆ ಹೆಂಗರ ಮಾಡಿ ನಿಮ್ಮ ಮಾವನ್ನ ಒಪ್ಪಿಸ್ತಿದ್ದೆ. ಅಷ್ಟ್ರಾಗ ನೀ ಎಲ್ಲಾರ ಮುಂದ ಬಡದು ತೋರಿಸಿಬಿಟ್ಟಿ. ಈಗ ನಾ ಏನಂತ ಹೇಳ್ಲಿ?"

ನಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೆ, ಅದೂ ಗೆದ್ದೆನೆಂದು ಬೀಗುತ್ತ. ಒಳಗಿನಿಂದ ನೆಗೆಣ್ಣಿ ಕೂಗಿದಳು, "ತಂಗೀ, ನಾಳಿಂದ ರೊಟ್ಟಿ ನಿಂದ. ನನ್ನ ಸೊಂಟಕ್ಕ ಒಂದೀಟು ಬಿಡುವು ಸಿಗ್ಲಿ." ಅತ್ತೆ ನನ್ನ ಮುಖ ನೋಡಿದರು, ಮತ್ತೆ ಮೊರ ಎತ್ತಿಕೊಂಡರು.

ಬೆಳಗಿನ ಬ್ಯಾಚನ್ನು ಸರ್ ಬೇರೆಯವರಿಗೆ ಕೊಟ್ಟರು. ನಮ್ಮ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ. ಕೊಪ್ಪಳದ ಮೊದಲನೇ ಬಸ್ಸು ಹಾರ್ನ್ ಹೊಡೆದು ಹೊರಡುವಾಗ ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತಿದ್ದವು.