ಗೇಣು ನೀರು

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಮ್ಮ ಬೀದಿಯ ತುದಿಗಿರುವ ಲಾಂಡ್ರಿಯ ಗೋಡೆಯ ಮೇಲೆ ಒಂದು ಬೋರ್ಡಿದೆ. ಜೇಬಿನಲ್ಲಿ ಚಿಲ್ಲರೆ ಬಿಡಬೇಡಿ, ಮಕ್ಕಳನ್ನು ಯಂತ್ರದ ಮೇಲೆ ಕೂರಿಸಬೇಡಿ ಎಂಬ ಬುದ್ಧಿಮಾತುಗಳೆಲ್ಲ ಮುಗಿದ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಕುದುರೆಯ ಹೊದಿಕೆಗಳನ್ನು ಇಲ್ಲಿ ಒಗೆಯುವಂತಿಲ್ಲ ಎಂದು ಬರೆದಿದ್ದಾರೆ. ಕಾಲುವೆಯ ಆಚೆಗಿನ ಬಯಲಿನಲ್ಲಿ ಯಾರೋ ನಾಲ್ಕಾರು ಕುದುರೆ ಕಟ್ಟಿಕೊಂಡಿದ್ದಾರೆ, ಬೋರ್ಡು ಅವರಿಗಾಗಿ. ಹೋದ ಫೆಬ್ರವರಿಯ ಒಂದು ಭಾನುವಾರ ಅಪ್ಪನ ರಜಾಯಿಯನ್ನು ಹೊತ್ತುಕೊಂಡು ಹೋಗಿ ಅಲ್ಲಿನ ದೊಡ್ಡ ಯಂತ್ರದ ಬಾಗಿಲು ತೆಗೆದಾಗ, ಆ ಬೋರ್ಡಿಗೆ ಯಾರೂ ಕ್ಯಾರೇ ಅಂದಿಲ್ಲವೆಂದು ಗೊತ್ತಾಯಿತು. ಬೆವರು, ಒಣಹುಲ್ಲು, ಹುಳಿಬಂದ ಬೂಸಾ, ಎಲ್ಲದರ ಅಡಿಯಲ್ಲಿ ಬೆಚ್ಚಗಿನ ಲದ್ದಿ. ಸೋಪಿನಲ್ಲಿ ಬೆಂದರೂ ಹೋಗದ ವಾಸನೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಗಸು ಮೂಗು ಮುಚ್ಚಿಕೊಂಡು, ಅಸಹ್ಯ ಅಲ್ವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದೆ. ಹೌದೆನ್ನುವುದು ನನಗೆ ಯಾವಾಗಲೂ ಸುಲಭ. ಅವಳು ಹೊರಗೆ ಹೋದ ಮೇಲೆ ಆ ಯಂತ್ರದೊಳಗೆ ತಲೆ ತೂರಿಸಿ ಎದೆ ತುಂಬ ಉಸಿರೆಳೆದುಕೊಂಡೆ.

ಅಪ್ಪ ಮೈಸೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ನಾನು ಆರು ವರ್ಷದವಳಿದ್ದಾಗ ಸೌದಿಯ ಒಳನಾಡಿನಲ್ಲಿ ಒಬ್ಬ ಶ್ರೀಮಂತನ ಲಾಯಕ್ಕೆ ಮೇಸ್ತ್ರಿಯಾಗಿ ಹೋದ. ಅಲ್ಲಿನ ಕೆಲಸದ ಹುಡುಗರಿಗೆ ಅಡುಗೆ ಮಾಡಲು ಜನ ಬೇಕಿತ್ತು, ಹಾಗಾಗಿ ಅವ್ವ ಮತ್ತು ನಾನೂ ಹೋದೆವು. ಲಾಯದ ಉದ್ದನೆಯ ಸಾಲಿನ ಕೊನೆಗೆ ನಮಗೆ ಎರಡು ಕೋಣೆ ಕೊಟ್ಟಿದ್ದರು. ಕೊನೆಯ ಕುದುರೆಯ ಕೊಟ್ಟಿಗೆಗೂ ನಾನು ಮಲಗುವ ಕೋಣೆಗೂ ಒಂದೇ ಗೋಡೆ. ಅದು ಹುಲ್ಲು ಅಗಿಯುವ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ, ಗೋಡೆಗೆ ಮೈಯುಜ್ಜುವ ಸದ್ದಿಗೆ ಏಳುತ್ತಿದ್ದೆ. ಮರುಭೂಮಿಯಲ್ಲಿ ಚಳಿಗಾಲ ಇರುತ್ತದೆಂದರೆ ಇಲ್ಲಿ ವೇರ್‌ಹೌಸಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ನಗಲಿ. ಮಧ್ಯಾಹ್ನ ಅಂಗಿ ಬಿಚ್ಚಿ ಕೂರುವಷ್ಟು ಬಿಸಿಲು, ಹೊತ್ತು ಮುಳುಗಿದ ಗಳಿಗೆಯಿಂದ ಮರಳು ತಣ್ಣಗಾಗುತ್ತಾ ಹೋಗಿ, ಬೆಳಗಿನ ಹೊತ್ತಿಗೆ ನಲ್ಲಿಯ ಮೂತಿ ಮುಟ್ಟಿದರೆ ಬೆರಳು ಕಚ್ಚುತ್ತಿತ್ತು. ಆ ಎರಡರ ನಡುವೆಯೇ ಕುದುರೆ ಸಾಯುವುದು ಎನ್ನುತ್ತಿದ್ದ ಅಪ್ಪ. ಓಟದ ಕಾಲವೂ ಅದೇ. ಬೇಗ ಬೆವರಾರಲೆಂದು ಅವುಗಳ ಕೂದಲು ಬೋಳಿಸಿರುತ್ತಿದ್ದರು. ದೇವರು ಕೊಟ್ಟ ಕಂಬಳಿಯನ್ನು ಕಿತ್ತುಕೊಂಡು ಅಂಗಡಿಯ ಕಂಬಳಿ ಹೊದಿಸುವುದು ದುಡ್ಡಿರುವವರ ಚಟ ಎಂದು ಅವ್ವ ಗೊಣಗುತ್ತಿದ್ದಳು.

ಆ ಕಂಬಳಿಗೆ ಲಾಯದಲ್ಲಿ ಜೂಲು ಎನ್ನುತ್ತಿದ್ದರು. ಸಂಜೆ ಬಿಸಿಲು ಗೋಡೆಯಿಂದ ಇಳಿಯುವ ಮೊದಲೇ ಜೂಲು ಹೊದಿಸಬೇಕು, ಬೆಳಗ್ಗೆ ಬಿಸಿಲು ಏರುವ ಮೊದಲೇ ತೆಗೆಯಬೇಕು. ತಡವಾದರೆ ಒಳಗೊಳಗೇ ಬೆವರಿ, ಮೇಲೆ ಗಾಳಿ ಬಡಿದು, ಎದೆ ಕಟ್ಟುತ್ತದೆ. ಅಪ್ಪ ಯಾವ ಕುದುರೆಯನ್ನು ಹಾದುಹೋದರೂ ಮೊದಲು ಅದರ ಕಿವಿಯ ಬುಡ ಮುಟ್ಟುತ್ತಿದ್ದ. ಕಿವಿ ತಣ್ಣಗಿದ್ದರೆ ಮೈಗೆ ಚಳಿ ಹೊಕ್ಕಿದೆ ಎಂದು ಅರ್ಥ. ಆಮೇಲೆ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡುತ್ತಿದ್ದ. ಥಟ್ಟನೆ ಕೂತರೆ ಮೈಯಲ್ಲಿ ನೀರಿದೆ, ಮಡಿಕೆ ಹಾಗೇ ನಿಂತರೆ ಇಲ್ಲ. ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತುಬಿಟ್ಟರೆ ಅವನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಹುಲ್ಲಿನ ಜೊತೆ ಮರಳು ನೆಕ್ಕಿದೆಯೇ ಎಂದು ನೋಡಲು, ಲದ್ದಿಯನ್ನು ಗಾಜಿನ ಜಾಡಿಯಲ್ಲಿ ಹಾಕಿ ನೀರು ಹೊಯ್ದು ಕಲಕಿ, ಅಡಿಗೆ ಇಳಿಯುವ ಮರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ಜಾಡಿಗಳನ್ನು ಅವ್ವನ ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲೇ ಇಡುತ್ತಿದ್ದ, ಅದಕ್ಕೆ ಮನೆಯಲ್ಲಿ ದಿನಾ ಜಗಳ. ಜಗಳವಾಡುತ್ತಲೇ ಅವ್ವ ಹಂಡೆಯಲ್ಲಿ ಕುದುರೆಗಳಿಗೆ ನೀರು ಕಾಯಿಸುತ್ತಿದ್ದಳು. ತಣ್ಣೀರು ಕುದುರೆಗೆ ಸೇರುವುದಿಲ್ಲ. ಉಗುರುಬೆಚ್ಚಗೆ ಮಾಡಿ, ಬೂಸಾಕ್ಕೆ ಉಪ್ಪು ಹಾಕಿ ಬಾಯಾರಿಸಿ, ಉಪಾಯದಿಂದ ಕುಡಿಸಬೇಕು.

ಕುದುರೆಗಳಿಗೆ ಉದ್ದುದ್ದದ ಹೆಸರುಗಳಿದ್ದವು, ಪಾಸ್‌ಪೋರ್ಟುಗಳಿದ್ದವು. ಅವು ಗಾಜಿನ ಕಪಾಟಿನಲ್ಲಿದ್ದವು. ನಮ್ಮ ಪಾಸ್‌ಪೋರ್ಟುಗಳು ಮ್ಯಾನೇಜರನ ಮೇಜಿನ ಯಾವುದೋ ಖಾನೆಯಲ್ಲಿದ್ದವು. ಕುದುರೆ ಕೆಮ್ಮಿದರೆ ಗಂಟೆಯೊಳಗೆ ಡಾಕ್ಟರು ಬರುತ್ತಿದ್ದರು. ನಾನು ಕೆಮ್ಮಿದರೆ ಅಪ್ಪ ನನ್ನ ಕಿವಿಯ ಬುಡ ಮುಟ್ಟಿ ನೋಡಿ ಅವ್ವನಿಗೆ ಕಷಾಯ ಮಾಡಲು ಹೇಳುತ್ತಿದ್ದ. ಜೂಲುಗಳು ಬರುತ್ತಿದ್ದುದು ಇಂಗ್ಲೆಂಡಿನಿಂದ. ಅವುಗಳ ಅಂಚಿನ ಪಟ್ಟಿಯ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿಯೇ ನಾನು ಇಂಗ್ಲಿಷ್ ಓದಲು ಕಲಿತದ್ದು. ಕುದುರೆಗಳಿಗೆ ಇಷ್ಟು ಮೆತ್ತಗಿನ ಬಟ್ಟೆ ನೇಯುವ ದೇಶದಲ್ಲಿ ಮನುಷ್ಯರಿಗೆ ಚಳಿಯೇ ಆಗುವುದಿಲ್ಲವೇನೋ ಅಂದುಕೊಂಡಿದ್ದೆ. ದಡ್ಡಿ.

ಒಂಬತ್ತನೆಯ ವಯಸ್ಸಿಗೆ ನನಗೂ ಒಂದು ಕೆಲಸ ಸಿಕ್ಕಿತು, ಸಿಕ್ಕಿತು ಅನ್ನುವುದಕ್ಕಿಂತ ನಾನೇ ಹಟ ಮಾಡಿ ಕೇಳಿ ಪಡೆದೆ. ಸಂಜೆ ಹುಡುಗರು ಪೈಪು ಹಿಡಿದು, ಅವ್ವನ ಬಿಸಿನೀರು ಬೆರೆಸಿ, ಎಲ್ಲ ಬಕೆಟ್ಟುಗಳನ್ನೂ ಕಂಠದವರೆಗೆ ತುಂಬಿಸಿ ಹೋಗುತ್ತಿದ್ದರು. ಮುಂಚೆ ಎಷ್ಟು ಉಳಿದಿತ್ತು ಎಂದು ಅವರು ನೋಡುತ್ತಿರಲಿಲ್ಲ. ಬೆಳಗ್ಗೆ ಶಾಲೆಯ ವ್ಯಾನು ಬರುವ ಮುಂಚೆ, ಅಪ್ಪ ಆ ತುದಿಯಿಂದ ಜೂಲು ತೆಗೆಯುತ್ತಾ ಬರುವಾಗ, ನಾನು ಈ ತುದಿಯಿಂದ ಬಕೆಟ್ಟುಗಳಿಗೆ ಕೈಯಿಳಿಸಿ ನೀರು ಎಷ್ಟು ಇಳಿದಿದೆ ಎಂದು ಅಳೆಯಬೇಕು. ಗೇಣು ಇಳಿದಿದ್ದರೆ ಚೆಂದ. ನಾಲ್ಕು ಬೆರಳಾದರೆ ಆ ಕುದುರೆಯ ಮೇಲೆ ಕಣ್ಣಿಡಬೇಕು. ಬೆರಳೂ ಇಳಿದಿರದಿದ್ದರೆ ಕೂಗಬೇಕು.

"ಕುದ್ರೆ ಚಳೀಲಿ ಬಾಯಾರ್ಕೆ ಮರ್ತ್‌ಬುಡ್ತದೆ ಕಣವ್ವ" ಎಂದಿದ್ದ ಅಪ್ಪ. "ನೀರ್ ಕೊಡು ಅಂತ ಅದ್ಕೆ ಕೇಳಕ್ ಬರಲ್ಲ. ನಾವೇ ನೋಡ್ಬೇಕು."

ನಡುದಾರಿಯಲ್ಲಿ ಎದುರಾದಾಗ ಅವನು ಒಂದೊಂದೇ ಕುದುರೆಯ ಹೆಸರು ಹಿಡಿದು "ಏಟವ್ವ?" ಎಂದು ನೀರಿನ ಲೆಕ್ಕ ಕೇಳುತ್ತಿದ್ದ. ಲಾಯದ ಹೆಸರಲ್ಲ, ಅವನೇ ಇಟ್ಟ ಹೆಸರು. ಚಾಮಿ ಏಟವ್ವ, ಸಿಂಗಾರಿ ಏಟವ್ವ, ಗೌರಿ ಏಟವ್ವ. ನಾನು ಹೇಳಿದ್ದನ್ನು ಇನ್ನೊಮ್ಮೆ ಪರೀಕ್ಷಿಸುತ್ತಿರಲಿಲ್ಲ. ನನ್ನನ್ನು ಅಷ್ಟು ನಂಬಿದ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ಸಿಕ್ಕಿಲ್ಲ.

ಗೌರಿ ನನ್ನ ಗೋಡೆಯಾಚೆಗಿನ ಬೂದುಬಣ್ಣದ ಹೆಣ್ಣುಕುದುರೆ. ಆ ಕೆಲಸದ ಮೂರನೆಯ ಚಳಿಗಾಲದಲ್ಲಿ ನನ್ನ ಕೈಗಳೆಲ್ಲ ಒಡೆದು ಗೀರುಬಿದ್ದಿದ್ದವು, ನೀರು ತಾಗಿದರೆ ಉರಿ. ಅಪ್ಪನಿಗೆ ಹೇಳಿದ್ದರೆ ಆ ಗಳಿಗೆಯೇ ಬಿಡಿಸುತ್ತಿದ್ದ. ಹೇಳಲಿಲ್ಲ, ಹಟ ಮಾಡಿ ಪಡೆದದ್ದಲ್ಲವೇ. ಉಳಿದ ಬಕೆಟ್ಟುಗಳಿಗೆ ಹಲ್ಲು ಕಚ್ಚಿಕೊಂಡು ಕೈಯಿಳಿಸಿ, ಗೌರಿ ಹೇಗೂ ನಮ್ಮವಳು, ಚೆನ್ನಾಗಿ ಕುಡಿಯುವವಳು ಎಂದುಕೊಂಡು ಅವಳ ಬಕೆಟ್ಟನ್ನು ಮುಟ್ಟದೆ ಬಂದೆ. ಗೌರಿ ಏಟವ್ವ ಎಂದು ಕೇಳಿದಾಗ ಗೇಣು ಎಂದೆ. ಮರುದಿನವೂ ಗೇಣು ಎಂದೆ. ಮೂರನೆಯ ದಿನ ಬೆಳಗ್ಗೆಯೂ ಗೇಣು ಎಂದು ಹೇಳಿ ವ್ಯಾನು ಹತ್ತಿದೆ. ಶಾಲೆಯಿಂದ ಬರುವಷ್ಟರಲ್ಲಿ ಗೌರಿ ಮುಂಗಾಲಿನಿಂದ ನೆಲ ಕೆರೆಯುತ್ತಾ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಳು. ನೀರಿಲ್ಲದೆ ಕರುಳಿನಲ್ಲಿ ಹುಲ್ಲು ಗಟ್ಟಿಯಾಗಿ ಕೂತಿತ್ತು. ಡಾಕ್ಟರು ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಟ್ಟರು. ಅಪ್ಪ ಅವಳನ್ನು ಹಗ್ಗ ಹಿಡಿದು ಅಂಗಳದಲ್ಲಿ ಸುತ್ತು ಹಾಕಿಸುತ್ತಲೇ ಇದ್ದ, ಪಕ್ಕದಲ್ಲೇ ನಡೆಯುತ್ತಾ ಹೊಟ್ಟೆಗೆ ಕಿವಿಯಿಡುತ್ತಿದ್ದ. ಗೋಡೆಯಿಂದ ಬಿಸಿಲು ಇಳಿಯುವ ಹೊತ್ತಿಗೆ, ಜೂಲು ಹೊದಿಸುವ ಹೊತ್ತಿಗೆ, ಅವಳು ಮಂಡಿಯೂರಿ ಬಿದ್ದಳು. ಮತ್ತೆ ಏಳಲಿಲ್ಲ.

ಮ್ಯಾನೇಜರ್ ಇಂಗ್ಲೆಂಡಿನವನು, ಕೂಗಾಡುವವನಲ್ಲ. ಕಂಠದವರೆಗೆ ತುಂಬಿದ್ದ ಗೌರಿಯ ಬಕೆಟ್ಟನ್ನು ಬೂಟಿನ ತುದಿಯಿಂದ ತಟ್ಟಿ, ನೀರು ಯಾರು ನೋಡುತ್ತಿದ್ದರು ಎಂದು ಮೆಲ್ಲಗೆ ಕೇಳಿದ. ನಾನು ಅವ್ವನ ಸೆರಗಿನ ಹಿಂದಿದ್ದೆ. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಐ ಓನ್ಲಿ ಚೆಕ್ಡ್, ಸಾರ್. ಮೈ ಮಿಸ್ಟೇಕ್" ಎಂದ.

ಅವನ ಮೇಸ್ತ್ರಿಗಿರಿ ಹೋಯಿತು. ಮೇಸ್ತ್ರಿಯಲ್ಲದವನಿಗೆ ಸಂಸಾರದ ಕೋಣೆ ಇಲ್ಲವಂತೆ, ಹದಿನೈದು ದಿನದಲ್ಲಿ ಅವ್ವನನ್ನೂ ನನ್ನನ್ನೂ ಮೈಸೂರಿಗೆ ಸಾಗಹಾಕಿದರು. ಅಪ್ಪ ಇನ್ನೂ ಹನ್ನೆರಡು ವರ್ಷ ಅಲ್ಲೇ ಹುಡುಗರ ಜೊತೆ ನೆಲದ ಮೇಲೆ ಮಲಗಿದ. ನನ್ನ ನೆನಪಿನಲ್ಲಿ ನಾವು ಮೂವರೂ ವರ್ಷಗಟ್ಟಲೆ ಒಂದೇ ಸೂರಿನಡಿ ಉಂಡು ಮಲಗಿದ ಮನೆ ಅದೊಂದೇ. ಅದನ್ನು ಹಾಳುಮಾಡಿದವಳು ನಾನು, ಒಂದೇ ಒಂದು ಪದದಿಂದ. ಅಪ್ಪನಿಗೆ ನಿಜ ಗೊತ್ತಿತ್ತೋ, ಅಥವಾ ಮೇಸ್ತ್ರಿಯಾದ ತಪ್ಪಿಗೆ ಹೊಣೆ ಹೊತ್ತನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನೂ ಎತ್ತಲಿಲ್ಲ. ರಜೆಗೆ ಬಂದಾಗಲೆಲ್ಲ ಮೊದಲು ನನ್ನ ಕಿವಿಯ ಬುಡ ಮುಟ್ಟಿ ನೋಡುತ್ತಿದ್ದ, ಅಷ್ಟೇ. ನಿಮ್ಮಲ್ಲೂ ಇಂಥದ್ದೊಂದು ಕೇಳದೆ ಉಳಿದ ಮಾತು ಇರಬಹುದು. ಇದ್ದರೆ, ಕೇಳಬೇಕಾದವರು ಇನ್ನೂ ಇದ್ದರೆ, ಇದನ್ನು ಇಲ್ಲಿಗೇ ಬಿಟ್ಟು ಹೋಗಿ ಕೇಳಿ.

ನಾನು ಮದುವೆಯಾಗಿ ಲಂಡನ್ನಿಗೆ ಬಂದೆ. ಮದುವೆ ಉಳಿಯಲಿಲ್ಲ, ಹೇಸ್ ಉಳಿಯಿತು. ಸಾಲುಮನೆಗಳಲ್ಲಿ ಒಂದರ ಕೆಳಗಿನ ಮುಂದಿನ ಕೋಣೆ ನನ್ನದು, ಮೇಲಿನ ಮೂರರಲ್ಲಿ ನೈಟ್ ಶಿಫ್ಟಿನವರು. ಟಾಯ್ಲೆಟ್ಟು ಮೇಲೆ. ಅವ್ವ ತೀರಿಹೋಗಿ ಎರಡು ವರ್ಷವಾದ ಮೇಲೆ, ಹೋದ ಅಕ್ಟೋಬರಿನಲ್ಲಿ, ಆರು ತಿಂಗಳ ವೀಸಾದ ಮೇಲೆ ಅಪ್ಪನನ್ನು ಕರೆಸಿಕೊಂಡೆ. ಅವನ ಬಲಮಂಡಿಗೆ ಯಾವುದೋ ಕಾಲದಲ್ಲಿ ಕುದುರೆ ಒದ್ದಿತ್ತು, ಮೆಟ್ಟಿಲು ಹತ್ತುವಾಗ ಆಸರೆಗೆ ಹಿಡಿಯುವ ಕಂಬಿ ಕಿರುಗುಟ್ಟುತ್ತಿತ್ತು. ಬಂದ ವಾರದಲ್ಲೇ ಮೇಲಿನವರೊಬ್ಬರು ನಿದ್ದೆ ಕೆಡುತ್ತದೆಂದು ಮುಖ ಸಿಂಡರಿಸಿದರು.

"ಅಪ್ಪ, ಹಗಲು ಹೊತ್ತು ಪದೇ ಪದೇ ಟಾಯ್ಲೆಟ್ಟಿಗೆ ಅಂತ ಮೇಲೆ ಹೋಗ್ಬೇಡ. ಅವ್ರೆಲ್ಲ ಮಲಗಿರ್ತಾರೆ" ಎಂದೆ.

"ಆಯ್ತು ಕಣವ್ವ" ಎಂದ.

ಆ ಮಾತನ್ನು ಅವನು ಹೇಗೆ ಪಾಲಿಸಿದ ಎಂದು ನಾನು ಯೋಚಿಸಲೇ ಇಲ್ಲ. ಮುಂಜಾನೆ ಕೆಲಸಕ್ಕೆ ಹೊರಡುವಾಗ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಜಗ್ಗು ತುಂಬಿಸಿ, ಮೇಲೊಂದು ತಟ್ಟೆ ಮುಚ್ಚಿ ಹೋಗುತ್ತಿದ್ದೆ. ಸಂಜೆ ಬಂದು ನಲ್ಲಿಯಿಂದ ಮತ್ತೆ ಕಂಠದವರೆಗೆ ತುಂಬಿಸುತ್ತಿದ್ದೆ, ಎಷ್ಟು ಹಿಡಿಯಿತೆಂದು ಗಮನಿಸದೆ. ನಾನು ಕೋಟು ಬಿಚ್ಚುವ ಮೊದಲೇ ಅಪ್ಪ ನನ್ನ ಕಿವಿಯ ಬುಡ ಮುಟ್ಟಿ, ತಣ್ಣಗದೆ, ಟೋಪಿ ಹಾಕ್ಕೊ ಎನ್ನುತ್ತಿದ್ದ. ಅವನ ಕಿವಿಯನ್ನು ನಾನು ಒಮ್ಮೆಯೂ ಮುಟ್ಟಲಿಲ್ಲ. ಜನವರಿಯಲ್ಲಿ ಅವನಿಗೆ ಸುಸ್ತು, ಮಾತು ತೊದಲು. ಇಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಆ ಕಡೆಯ ನರ್ಸು ಸಮಾಧಾನದಿಂದ ಒಂದೊಂದೇ ಪ್ರಶ್ನೆ ಕೇಳುತ್ತಾ, ನೀರು ಚೆನ್ನಾಗಿ ಕುಡಿಯುತ್ತಿದ್ದಾರಾ ಎಂದಳು. ನಾನು ಕೆಲಸದ ಜಾಗದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಬ್ರೇಕು ಮುಗಿಯುತ್ತಿದೆ ಎಂದು ಗಡಿಯಾರ ನೋಡುತ್ತಾ ನಿಂತಿದ್ದೆ. ಯೆಸ್ ಎಂದೆ.

ಎರಡು ದಿನದ ನಂತರ ಬೆಳಗ್ಗೆ ಅವನನ್ನು ಎಬ್ಬಿಸಲು ಆಗಲಿಲ್ಲ. ಆಂಬುಲೆನ್ಸಿನಲ್ಲಿ ಬಂದ ಹಸಿರು ಬಟ್ಟೆಯ ಹೆಂಗಸು ಮಂಡಿಯೂರಿ ಕೂತು, ಅವನ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟಳು. ಮಡಿಕೆ ಹಾಗೇ ನಿಂತಿತು. ಅದರ ಅರ್ಥ ಆ ಕೋಣೆಯಲ್ಲಿ ಅವಳಿಗಿಂತ ಮೊದಲು ನನಗೆ ಗೊತ್ತಾಯಿತು. ಇವರ ನೀರು, ಊಟ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಅವಳು ಕೇಳಿದಳು. ನನ್ನ ಬಾಯಿ ತೆರೆಯಿತು, ಯಾವ ಸುಳ್ಳಿಗೋ ಗೊತ್ತಿಲ್ಲ. ಅಷ್ಟರಲ್ಲಿ ಅಪ್ಪ ಕಣ್ಣು ಬಿಟ್ಟ. ಅವನು ಹೇಸ್‌ನಲ್ಲಿರಲಿಲ್ಲ. ಆ ಇಂಗ್ಲಿಷ್ ಧ್ವನಿಯ ಕಡೆ ತಿರುಗಿ, ಎದ್ದು ನೆಟ್ಟಗೆ ನಿಲ್ಲಲು ಹೆಣಗಾಡುತ್ತಾ, ಒಂದು ಕೈಯನ್ನು ನನಗೆ ಅಡ್ಡ ಚಾಚಿದ.

"ಐ ಓನ್ಲಿ ಚೆಕ್ಡ್, ಸಾರ್. ಮೈ ಮಿಸ್ಟೇಕ್."

ಅವನಿಗೆ ಎಲ್ಲ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

ಮೂತ್ರಪಿಂಡಗಳು ಕೈಕೊಟ್ಟಿದ್ದವು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ, ಮತ್ತೆ ಮಾತಾಡಲಿಲ್ಲ. ಆರು ತಿಂಗಳ ವೀಸಾದಲ್ಲಿ ಸುಮಾರು ಅರ್ಧ ಹಾಗೇ ಉಳಿಯಿತು. ಲಾಂಡ್ರಿಗೆ ಹೋದ ಆ ಭಾನುವಾರ ರಜಾಯಿಯನ್ನು ಒಗೆಯದೆ ಮನೆಗೆ ವಾಪಸು ತಂದೆ. ಅವನ ಹಾಸಿಗೆಯ ಪಕ್ಕದ ಸ್ಟೂಲನ್ನು ಅಲ್ಲಿಯವರೆಗೆ ನಾನು ಮುಟ್ಟಿರಲಿಲ್ಲ. ಜಗ್ಗಿನ ಮೇಲೆ ತಟ್ಟೆ ನಾನು ಮುಚ್ಚಿದ ಹಾಗೇ ಇತ್ತು. ತಟ್ಟೆ ತೆಗೆದು, ಕಂಠಕ್ಕೆ ಅಂಗೈ ಆನಿಸಿ, ಬೆರಳುಗಳನ್ನು ಒಳಗೆ ಇಳಿಸಹೋದೆ. ಇಳಿಸುವ ಮೊದಲೇ ತುದಿಗೆ ತಣ್ಣಗೆ ತಾಗಿತು.

"ಬೆರ್ಳೂ ಇಳ್ದಿಲ್ಲ ಕಣಪ್ಪ" ಎಂದೆ. ಕೇಳುವವನು ಇರಲಿಲ್ಲ.